ಗಿರಿಜನರ ಅನುದಾನ: ಬೆಟ್ಟದ ಲೆಕ್ಕ, ಬಯಲಿನ ಲೆಕ್ಕ

ಸರ್ಕಾರ ಗಿರಿಜನರ ಏಳಿಗೆಗೆ ಅಂತ ವರ್ಷಾ ವರ್ಷ ಹಣ ಇಡುತ್ತೆ. ಆ ಹಣ ಯಾವ ದಾರೀಲಿ ಬರುತ್ತೆ, ಎಲ್ಲಿ ನಿಲ್ಲುತ್ತೆ ಅನ್ನೋದು ನಮ್ಮ ಕಡೆಯ ನಾಯಕ ಜನಾಂಗದ ಮನೆಗಳವರಿಗೇ ಪೂರ್ತಿ ಗೊತ್ತಿಲ್ಲ. ಉಳಿದ ರೈತರ ಬಾಯಲ್ಲಂತೂ "ಅವರಿಗೆಲ್ಲ ಪುಕ್ಕಟೆ ಬರುತ್ತೆ" ಅನ್ನೋ ಒಂದೇ ಮಾತು. ಸ್ವಲ್ಪ ಬಿಡಿಸಿ ನೋಡೋಣ.

ಐದನೇ ಪಂಚವಾರ್ಷಿಕ ಯೋಜನೆ ಶುರುವಾದ 1974ರ ಸುಮಾರಿಗೆ ಗಿರಿಜನ ಉಪಯೋಜನೆ ಬಂತು. ಜನಸಂಖ್ಯೆ ಎಷ್ಟೋ ಅಷ್ಟು ಪಾಲು ಹಣ ತೆಗೆದಿಡಬೇಕು ಅನ್ನೋದು ಅದರ ತಿರುಳು. ಕರ್ನಾಟಕದಲ್ಲಿ ಇದಕ್ಕೆ 2013ರಲ್ಲಿ ಕಾಯ್ದೆಯೇ ಆಯ್ತು. 2011ರ ಗಣತಿ ಪ್ರಕಾರ ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಪಂಗಡದವರು 42 ಲಕ್ಷದ ಮೇಲೆ, ನೂರಕ್ಕೆ 6.95. ಪರಿಶಿಷ್ಟ ಜಾತಿಯದೂ ಸೇರಿ ನೂರಕ್ಕೆ 24.1 ಪಾಲು ಎತ್ತಿಡಬೇಕು. ಆದರೆ ಆ ಕಾಯ್ದೆಯೊಳಗೇ 7(ಡಿ) ಅಂತ ಒಂದು ಕಿಂಡಿ ಇತ್ತು. ಊರಿಗೆಲ್ಲ ಆಗೋ ರಸ್ತೆ ಹಾಕಿ, ಇದರಲ್ಲಿ ಇವರೂ ಓಡಾಡ್ತಾರಲ್ಲ ಅಂತ ಒಂದು ಪಾಲನ್ನ ಇವರ ಲೆಕ್ಕಕ್ಕೆ ಬರೆಯೋಕೆ ಅದು ದಾರಿ. 2023ರಲ್ಲಿ ಆ ಕಲಂ ತೆಗೆದುಹಾಕಿದರು. ಅದೇ ವರ್ಷ ಗ್ಯಾರಂಟಿ ಯೋಜನೆಗಳಿಗೆ ಈ ನಿಧಿಯ ಹಣ ಹೋಯ್ತು ಅಂತ ಮತ್ತೆ ತಕರಾರು ಎದ್ದಿತು. ಕಿಂಡಿ ಮುಚ್ಚಿದರೆ ಬಾಗಿಲೇ ತೆಗೀತಾರೆ ಅಂತ ಜನ ಆಡಿಕೊಂಡರೆ ತಪ್ಪೇನಿಲ್ಲ.

ಇನ್ನೊಂದು ವಿಷಯ. ಈ 42 ಲಕ್ಷದಲ್ಲಿ ಬಹುಪಾಲು ನಾಯಕ ಜನಾಂಗದವರು, ನಮ್ಮ ಹಾಗೇ ಬಯಲುಸೀಮೆ ರೈತರು. ಸೋಲಿಗರು, ಜೇನುಕುರುಬರು, ಎರವರು, ಕೊರಗರು, ಇರುಳಿಗರು ಇಂಥ ಕಾಡಿನ ಜನ ಲೆಕ್ಕದಲ್ಲಿ ಕಮ್ಮಿ. ಕಚೇರಿಯಿಂದ ದೂರ, ಅರ್ಜಿ ಬರೆಯೋರು ಕಮ್ಮಿ. ಇದಕ್ಕೇ ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಪಿಎಂ-ಜನ್‌ಮನ್ ಅಂತ ಬೇರೆ ಯೋಜನೆ ತಂದಿತು. ದೇಶದ 75 ಅತಿ ದುರ್ಬಲ ಬುಡಕಟ್ಟುಗಳಿಗೆ ಅದು. ನಮ್ಮ ರಾಜ್ಯದಿಂದ ಅದರಲ್ಲಿರೋದು ಜೇನುಕುರುಬರು, ಕೊರಗರು ಎರಡೇ.

ಬಿಳಿಗಿರಿಯಲ್ಲಿ ಆದದ್ದು

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಕಥೆ ರೈತರೆಲ್ಲ ತಿಳಿಯಬೇಕಾದ್ದು. ಅಲ್ಲಿ 1974ರಲ್ಲಿ ಅಭಯಾರಣ್ಯ ಆಯ್ತು. ಕಾಡೊಳಗೆ ಜಾಗ ಬದಲಿಸಿ ರಾಗಿ ಬೆಳೀತಿದ್ದ ಜನ ಪೋಡುಗಳಲ್ಲಿ ನಿಂತರು. ಉಳಿದದ್ದು ಜೇನು, ನೆಲ್ಲಿ, ಸೀಗೆ, ಅಂಟುವಾಳ, ಪಾಚಿ. ಇವನ್ನ ಕೊಳ್ಳೋಕೆ ಲ್ಯಾಂಪ್ಸ್ ಅನ್ನೋ ಗಿರಿಜನರ ಸಹಕಾರ ಸಂಘಗಳಿದ್ದವು. ಸರ್ಕಾರ ಷೇರು ಹಣ ಹಾಕಿತ್ತು. ಜನ ತಂದ ಮಾಲಿಗೆ ಸಂಘ ಕೆಜಿ ಲೆಕ್ಕದಲ್ಲಿ ಕೂಲಿ ಕೊಡೋದು, ಮಾಲನ್ನ ಟೆಂಡರಿನಲ್ಲಿ ವ್ಯಾಪಾರಿಗೆ ಮಾರೋದು.

ಟೆಂಡರ್ ಅಂದ್ರೆ ನಮಗೇನು ಹೊಸದಲ್ಲ. ತಿಪಟೂರಿನಲ್ಲಿ ದರ ಬರೆಯೋರು ಕೊಳ್ಳೋರು, ಕಾಯೋರು ನಾವು. ಆದರೂ ಉಂಡೆ ಕೊಬ್ಬರಿ ನಮ್ಮ ಅಟ್ಟದಲ್ಲಿರುತ್ತೆ, ದರ ಬಿದ್ದರೆ ಇಳಿಸದೆ ಕೂತುಕೋಬಹುದು. ಹಸಿ ನೆಲ್ಲಿಗೆ ಅಟ್ಟ ಇಲ್ಲ. ಜೇನು ಕೆಡಲ್ಲ ನಿಜ, ಸೋಸಿ ತುಂಬಿಡೋಕೆ ಪಾತ್ರೆ, ಬಂಡವಾಳ ಬೇಕಲ್ಲ. ಹೀಗಾಗಿ ಲಾಭ ಬೆಟ್ಟ ಇಳಿದು ಹೋಗೋದು. 1981ರಲ್ಲಿ ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಇದನ್ನ ಗಮನಿಸಿ, 1990ರ ದಶಕದಲ್ಲಿ ಅಲ್ಲೇ ಜೇನು ಸೋಸೋದು, ಉಪ್ಪಿನಕಾಯಿ ಮಾಡೋದು ಶುರುಮಾಡಿತು. ಇದು ಸರಿಯಾದ ದಾರಿ.

ಅಷ್ಟರಲ್ಲಿ 2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಬಂತು. 2006ರ ಹೊತ್ತಿಗೆ ಬಿಳಿಗಿರಿಯಲ್ಲಿ ಮಾರೋದಕ್ಕೆ ಏನೂ ಆಯೋ ಹಾಗಿಲ್ಲ ಅಂತಾಯ್ತು. ಸಂಘ ಇದೆ, ಯಂತ್ರ ಇದೆ, ಕಲಿತ ಜನ ಇದ್ದಾರೆ, ಮಾಲು ಮುಟ್ಟೋ ಹಾಗಿಲ್ಲ. ನಮ್ಮ ತೋಟಕ್ಕೆ ಗೊಬ್ಬರಕ್ಕೆ ಸಬ್ಸಿಡಿ ಕೊಟ್ಟು, ಕಾಯಿ ಮಾತ್ರ ಕೀಳಬೇಡಿ ಅಂದ ಹಾಗೆ. ಇಂಥ ಕಡೆ ಎಷ್ಟು ಕೋಟಿ ಸುರಿದರೂ ಏನು ಹತ್ತುತ್ತೆ?

ಬಿಡಿಸಿದ್ದು ಅನುದಾನ ಅಲ್ಲ, ಕಾನೂನು. 2006ರ ಅರಣ್ಯ ಹಕ್ಕು ಕಾಯ್ದೆ ಹಿಡಿದು ಸೋಲಿಗರ ಗ್ರಾಮಸಭೆಗಳು ಅರ್ಜಿ ಹಾಕಿದವು. 2011ರ ಜನವರಿಯಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶ ಆಗಿತ್ತು. ಆದರೂ ಅದೇ ವರ್ಷ ಅಕ್ಟೋಬರಿನಲ್ಲಿ ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರ ಸಿಕ್ಕಿತು. ಹುಲಿ ಕಾಡಿನಲ್ಲಿ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಕಿರು ಉತ್ಪನ್ನ ಆಯೋದು, ಮಾರೋದು ಆ ಕಾನೂನಿನ ಪ್ರಕಾರ ಅವರ ಹಕ್ಕು. ಬೇಲಿಯ ಲಾಂಟಾನ ಕಡ್ಡಿಯಲ್ಲಿ ಕುರ್ಚಿ ಮಾಡೋದೂ ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಕಲಿತರು. ನಮಗೆ ಕಳೆ, ಅವರಿಗೆ ಕಸುಬು.

ನ್ಯೂಜಿಲೆಂಡಿನಲ್ಲಿ ನಾಯ್ ತಾಹು ಅನ್ನೋ ಮಾವೊರಿ ಬುಡಕಟ್ಟಿಗೆ 1998ರಲ್ಲಿ ಸರ್ಕಾರ, ಕಿತ್ತುಕೊಂಡ ಭೂಮಿಯ ಲೆಕ್ಕಕ್ಕೆ, 17 ಕೋಟಿ ಡಾಲರ್ ಒಂದೇ ಗಂಟಾಗಿ ಅವರ ಕೈಗೇ ಕೊಟ್ಟಿತು. ಅವರದನ್ನ ಮೀನುಗಾರಿಕೆ, ಬೇಸಾಯ, ಪ್ರವಾಸಕ್ಕೆ ಹೂಡಿ ಎಷ್ಟೋ ಪಟ್ಟು ಬೆಳೆಸಿಕೊಂಡರು. ನಮ್ಮಲ್ಲಿ ಹಣ ನಿಗಮದ ಖಾತೆಯಲ್ಲಿರುತ್ತೆ. 2024ರಲ್ಲಿ ವಾಲ್ಮೀಕಿ ಅಭಿವೃದ್ಧಿ ನಿಗಮದ ಖಾತೆಯಿಂದ ಕೋಟಿಗಟ್ಟಲೆ ಹಣ ಅಕ್ರಮವಾಗಿ ಆಚೆ ಹೋಗಿ, ಇಲಾಖೆಯ ಮಂತ್ರಿ ರಾಜೀನಾಮೆ ಕೊಟ್ಟದ್ದು ಎಲ್ಲರಿಗೂ ಗೊತ್ತು. ಯಾರದೋ ಬೋರ್‌ವೆಲ್, ಯಾರದೋ ಎಮ್ಮೆ ಅದರಲ್ಲಿತ್ತು.

ನಮ್ಮ ಬಯಲಿನಲ್ಲಿ

ಇಲ್ಲಿ ಪಂಗಡದ ಸಣ್ಣ ರೈತರಿಗೆ ದೊಡ್ಡ ಯೋಜನೆ ಅಂದ್ರೆ ಗಂಗಾ ಕಲ್ಯಾಣ. ಬೋರ್ ಕೊರೆಸಿ, ಮೋಟರ್ ಇಳಿಸಿ, ಕರೆಂಟ್ ಕೊಡೋದು. ಯೋಜನೆ ಒಳ್ಳೇದೇ. ಆದರೆ ಚಿಕ್ಕನಾಯಕನಹಳ್ಳಿ, ತಿಪಟೂರು ಸೀಮೆಯಲ್ಲಿ ತೆಂಗು ಉಳಿಸೋಕೆ ಅಂತ ಎಲ್ಲರೂ ಭೂಮಿ ತೂತು ಮಾಡಿ ಅಂತರ್ಜಲ ಖಾಲಿ ಮಾಡಿದ್ದೀವಿ. ಒಂದೂವರೆ ಎಕರೆ ಹೊಲದವನಿಗೆ ಕೊರೆದಾಗ ಧೂಳು ಬಂದರೆ, ಕಾಗದದಲ್ಲಿ ಅವನು ಫಲಾನುಭವಿ, ಹೊಲದಲ್ಲಿ ಅದೇ ಹುರುಳಿ. ನೀರು ಬಂದರೂ ಕರೆಂಟ್ ಸಂಪರ್ಕಕ್ಕೆ ಕಾದು ಕಾದು ಕೇಸಿಂಗ್ ಪೈಪಿನ ಬಾಯಿಗೆ ಕಲ್ಲು ಮುಚ್ಚಿಟ್ಟವರಿದ್ದಾರೆ.

ನನ್ನ ಮಟ್ಟಿಗೆ, ಖುಷ್ಕಿ ಹೊಲಕ್ಕೆ ಮೊದಲು ಬದು, ಆಮೇಲೆ ಕೃಷಿ ಹೊಂಡ, ಕಡೆಗೆ ಬೋರು. 2014ರಲ್ಲಿ ಶುರುವಾದ ಕೃಷಿ ಭಾಗ್ಯದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಹೊಂಡಕ್ಕೆ ನೂರಕ್ಕೆ 90 ಸಹಾಯಧನ, ಉಳಿದವರಿಗೆ 80. ರಾಗಿಗೆ ಕಾಳು ಕಟ್ಟೋ ಹೊತ್ತಿಗೆ ಮಳೆ ಕೈಕೊಟ್ಟಾಗ ಒಂದು ಸಲ ನೀರು ಹಾಯಿಸಿದರೂ ಬೆಳೆ ಕೈಗೆ ಹತ್ತುತ್ತೆ.

ಬೋರೇ ಬೇಕು ಅನ್ನೋರು ಜಾತಿ ಪ್ರಮಾಣಪತ್ರ, ಪಹಣಿ, ಸಣ್ಣ ರೈತರ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪುಸ್ತಕ ಜೋಡಿಸಿಟ್ಟುಕೊಂಡು, ನಿಗಮ ಅರ್ಜಿ ಕರೆದಾಗ ಹಾಕಬೇಕು. ಆಯ್ಕೆ ಶಾಸಕರ ಅಧ್ಯಕ್ಷತೆಯ ಸಮಿತಿಯಲ್ಲಿ ಆಗುತ್ತೆ. ಪಹಣಿ ಸತ್ತುಹೋದ ತಾತನ ಹೆಸರಲ್ಲೇ ಇದ್ದರೆ ಅರ್ಜಿ ಅಲ್ಲೇ ಬೀಳುತ್ತೆ. ಆದ್ದರಿಂದ ಪೌತಿ ಖಾತೆ ಮೊದಲು ಮಾಡಿಸಿ. ಪಾಯಿಂಟ್ ನೋಡಿಸದೆ ಕೊರೆಯೋಕೆ ಬಿಡಬೇಡಿ. ಕೊರೆಯೋ ದಿನ ಹೊಲದಲ್ಲೇ ನಿಂತು ಎಷ್ಟು ಅಡಿ ಹೋಯ್ತು, ಎಷ್ಟು ಕೇಸಿಂಗ್ ಇಳೀತು ಬರೆದಿಟ್ಟುಕೊಳ್ಳಿ. ಬಿಲ್ಲಿನಲ್ಲಿ ಅಡಿ ಜಾಸ್ತಿ ಬರೆದಿದ್ದರೆ ಆ ಚೀಟಿ ನಿಮ್ಮ ಕೈಲಿರುತ್ತೆ.