ಕಿಟಕಿಯ ಅಳತೆ ಮತ್ತು ಪಠ್ಯದ ಸಾಲು: ಗಣಕದಲ್ಲಿ ಗ್ರಂಥಸಂಪಾದನೆಯ ಒಂದು ತೊಡಕು

ಪ್ರಾಚೀನ ಕೃತಿಗಳನ್ನು ಗಣಕಕ್ಕೆ ಅಳವಡಿಸುವಾಗ ನೋಟ್‌ಪ್ಯಾಡ್‌ನಂಥ ಸರಳ ಬರೆವಣಿಗೆಯ ತಂತ್ರಾಂಶಗಳು ಬಳಕೆಯಾಗುತ್ತವೆ. ಇವುಗಳ ಕಿಟಕಿಯ ಅಳತೆಗೆ ಸಂಬಂಧಿಸಿದ ತೊಂದರೆಗಳು ಮೇಲ್ನೋಟಕ್ಕೆ ಕ್ಷುಲ್ಲಕವೆನಿಸಿದರೂ ಅವುಗಳಿಗೆ ಕಂಡುಕೊಳ್ಳುವ ತಪ್ಪು ಪರಿಹಾರವು ಪಠ್ಯದ ಸ್ವರೂಪವನ್ನೇ ಕೆಡಿಸಬಲ್ಲದು. ತೊಂದರೆಯ ಮೂಲವನ್ನು ಗುರುತಿಸಿ, ಪಠ್ಯಕ್ಕೆ ಧಕ್ಕೆಯಾಗದಂತೆ ಅದನ್ನು ನಿವಾರಿಸುವ ಕ್ರಮವನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಕಿಟಕಿಯ ಸ್ಥಾನ

ಎರಡನೆಯ ಪರದೆಯನ್ನೋ ಪ್ರೊಜೆಕ್ಟರನ್ನೋ ಕಳಚಿದ ಬಳಿಕ ಕಿಟಕಿಯು ಕಣ್ಣಿಗೆ ಬೀಳದ ಎಡೆಯಲ್ಲಿ ತೆರೆದುಕೊಳ್ಳುವುದುಂಟು. ತಂತ್ರಾಂಶವು ಹಿಂದಿನ ಸ್ಥಾನವನ್ನು ನೆನಪಿಟ್ಟುಕೊಂಡಿರುವುದೇ ಇದಕ್ಕೆ ಕಾರಣ. ವಿಂಡೋಸ್‌ನಲ್ಲಿ ಆಲ್ಟ್ ಮತ್ತು ಟ್ಯಾಬ್ ಕೀಲಿಗಳಿಂದ ಆ ಕಿಟಕಿಯನ್ನು ಆಯ್ದು, ಆಲ್ಟ್ ಮತ್ತು ಸ್ಪೇಸ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಅನಂತರ ಎಂ ಕೀಲಿಯನ್ನು ಒತ್ತಿದರೆ ಬಾಣದ ಕೀಲಿಗಳಿಂದ ಅದನ್ನು ಪರದೆಯೊಳಕ್ಕೆ ತರಬಹುದು. ಎಂ ಬದಲಿಗೆ ಎಸ್ ಒತ್ತಿದರೆ ಅಳತೆ ಬದಲಾಗುತ್ತದೆ. ಈ ತೊಡಕು ಪಠ್ಯವನ್ನು ಮುಟ್ಟುವುದಿಲ್ಲ.

೨. ತೋರಿಕೆಯ ಸಾಲು, ಪಠ್ಯದ ಸಾಲು

ವರ್ಡ್ ರ‍್ಯಾಪ್ ಸೌಲಭ್ಯವು ಉದ್ದನೆಯ ಸಾಲನ್ನು ಕಿಟಕಿಯ ಅಗಲಕ್ಕೆ ತಕ್ಕಂತೆ ಮಡಿಚಿ ತೋರಿಸುತ್ತದೆ. ಕಡತದಲ್ಲಿ ಸಾಲು ತುಂಡಾಗಿರುವುದಿಲ್ಲ. ಓಲೆಗರಿಯಲ್ಲಿ ಪದ್ಯವನ್ನು ಸಾಮಾನ್ಯವಾಗಿ ಪಾದವಿಂಗಡಣೆಯಿಲ್ಲದೆ ಒಂದೇ ಸಮನೆ ಬರೆದಿರುತ್ತಾರೆ. ಗರಿಯ ಅಂಚನ್ನು ಪಾದಾಂತ್ಯವೆಂದು ಯಾವ ಸಂಪಾದಕನೂ ಭಾವಿಸುವುದಿಲ್ಲ. ಕಿಟಕಿಯ ಅಂಚೂ ಅಂಥದೇ. ಆದರೆ ಸಾಲು ಕಿಟಕಿಯೊಳಗೆ ಹಿಡಿಸಲಿಲ್ಲವೆಂದು ಎಂಟರ್ ಕೀಲಿಯನ್ನು ಒತ್ತಿದರೆ ಆ ತುಂಡು ಕಡತದಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಆಗ ಸಾಲಿನ ಸಂಖ್ಯೆಯನ್ನು ಅವಲಂಬಿಸಿದ ಪಾಠಾಂತರ ಸೂಚಿಗಳು ತಪ್ಪುತ್ತವೆ. ನಡುವೆ ಒಡೆದ ಪದವು ಸಾಮಾನ್ಯ ಹುಡುಕಾಟಕ್ಕೆ ಸಿಗುವುದಿಲ್ಲ.

ಇವೆರಡನ್ನು ಪ್ರತ್ಯೇಕಿಸುವುದು ಸುಲಭ. ಕಿಟಕಿಯನ್ನು ಹಿಗ್ಗಿಸಿದಾಗ ಸಾಲಿನ ಮುರಿವು ಸ್ಥಳ ಬದಲಿಸಿದರೆ ಅದು ತೋರಿಕೆಯದು. ಇದ್ದಲ್ಲೇ ಉಳಿದರೆ ಕಡತದ್ದು.

ಇದಕ್ಕೆ ವಿರುದ್ಧವಾದ ಸಂದರ್ಭವೂ ಉಂಟು. ಲಿನಕ್ಸ್‌ನಲ್ಲಿ ಸಿದ್ಧವಾದ ಕಡತದ ಸಾಲುಗಳೆಲ್ಲ ವಿಂಡೋಸ್‌ನ ಹಳೆಯ ನೋಟ್‌ಪ್ಯಾಡ್‌ನಲ್ಲಿ ಒಂದಕ್ಕೊಂದು ಕೂಡಿಕೊಂಡು ಕಾಣುತ್ತವೆ. ಸಾಲಿನ ಕೊನೆಯನ್ನು ಸೂಚಿಸುವ ಸಂಕೇತಗಳು ಈ ಎರಡು ವ್ಯವಸ್ಥೆಗಳಲ್ಲಿ ಭಿನ್ನವಾಗಿರುವುದೇ ಇದಕ್ಕೆ ಕಾರಣ. ೨೦೧೮ರ ಆವೃತ್ತಿಯಿಂದ ನೋಟ್‌ಪ್ಯಾಡ್ ಎರಡನ್ನೂ ಗ್ರಹಿಸುತ್ತದೆ. ಇಲ್ಲಿ ಕಿಟಕಿಯನ್ನು ಹಿಗ್ಗಿಸಿ ಫಲವಿಲ್ಲ. ಹೊಸದಾಗಿ ಎಂಟರ್ ಒತ್ತುತ್ತ ಹೋಗುವುದಂತೂ ಅಪಾಯಕರ.

೩. ಛಂದಸ್ಸಿನ ನೆರವು

ಈಗಾಗಲೇ ತುಂಡಾದ ಪಠ್ಯವನ್ನು ಸರಿಪಡಿಸುವಾಗ ಎಲ್ಲ ಎಂಟರ್‌ಗಳನ್ನೂ ಒಮ್ಮೆಲೇ ಅಳಿಸುವುದು ಸಲ್ಲದು. ನಿಜವಾದ ಪಾದಾಂತ್ಯಗಳೂ ಅಳಿದುಹೋಗುತ್ತವೆ. ಪದ್ಯಕೃತಿಗಳಲ್ಲಿ ಛಂದಸ್ಸೇ ಇದಕ್ಕೆ ಒರೆಗಲ್ಲಾಗಬಲ್ಲದು. ಭಾಮಿನಿ ಷಟ್ಪದಿಯ ೧, ೨, ೪, ೫ನೆಯ ಪಾದಗಳಲ್ಲಿ ತಲಾ ೧೪ ಮಾತ್ರೆಗಳೂ ೩ ಮತ್ತು ೬ನೆಯ ಪಾದಗಳಲ್ಲಿ ತಲಾ ೨೩ ಮಾತ್ರೆಗಳೂ ಇರುತ್ತವೆ. ಕಿರಿದಾದ ಕಿಟಕಿಯಲ್ಲಿ ಮೊದಲು ಮುರಿಯುವುದು ಈ ದೀರ್ಘಪಾದಗಳೇ. ಕುಮಾರವ್ಯಾಸನ ಪದ್ಯವೊಂದು ಕಡತದಲ್ಲಿ ಎಂಟು ಸಾಲುಗಳಾಗಿದ್ದರೆ ೩ ಮತ್ತು ೬ನೆಯ ಪಾದಗಳನ್ನು ಮೊದಲು ಪರಿಶೀಲಿಸಬೇಕು. ಕಂದದಲ್ಲಿ ೨೦ ಮಾತ್ರೆಗಳ ೨ ಮತ್ತು ೪ನೆಯ ಪಾದಗಳ ಬಗೆಗೂ ಇದೇ ಎಚ್ಚರ ಅಗತ್ಯ. ಗದ್ಯಕ್ಕೆ ಇಂಥ ಆಧಾರವಿಲ್ಲವಾದ್ದರಿಂದ ಮೂಲಪ್ರತಿಯೊಡನೆ ಹೋಲಿಸಿ ನೋಡುವುದು ಅನಿವಾರ್ಯ.

ಒಟ್ಟಿನಲ್ಲಿ, ಕಿಟಕಿಯ ತೊಂದರೆಯನ್ನು ಕಿಟಕಿಯಲ್ಲಿಯೇ ಬಗೆಹರಿಸಬೇಕೇ ಹೊರತು ಪಠ್ಯದಲ್ಲಿ ಅಲ್ಲ. ಗಣಕಕ್ಕೆ ಪಠ್ಯವನ್ನು ಅಳವಡಿಸುವವರಿಗೆ ಈ ವಿವೇಕವನ್ನು ಆರಂಭದಲ್ಲಿಯೇ ತಿಳಿಸಿಕೊಟ್ಟರೆ ಮುಂದಿನ ಸಂಶೋಧಕರ ಶ್ರಮ ಎಷ್ಟೋ ಉಳಿಯುತ್ತದೆ.