ಮಸಾಲೆ ಚಿತ್ರ: ಮೆಚ್ಚುವುದೇನು, ಬಿಡುವುದೇನು?

ಮನಮೋಹನ್ ದೇಸಾಯಿಯವರ ‘ಅಮರ್ ಅಕ್ಬರ್ ಆಂಥೋನಿ’ (1977) ಅನೇಕ ಮನೆಗಳ ಮೆಚ್ಚಿನ ಚಿತ್ರ. ಬಾಲ್ಯದಲ್ಲಿ ಅಗಲಿದ ಮೂವರು ಅಣ್ಣತಮ್ಮಂದಿರು ಹಿಂದೂ, ಮುಸ್ಲಿಂ, ಕ್ರೈಸ್ತರಾಗಿ ಬೆಳೆದು, ಹೆತ್ತ ತಾಯಿಯೆಂದು ಅರಿಯದೆಯೇ ಅವಳಿಗೆ ಒಟ್ಟಿಗೆ ರಕ್ತ ಕೊಡುತ್ತಾರೆ. ವೈದ್ಯಶಾಸ್ತ್ರ ಒಪ್ಪದ ದೃಶ್ಯ. ಆದರೂ ಮನಸ್ಸು ಕರಗುತ್ತದೆ. ಒಡೆದ ಕುಟುಂಬ ಕೂಡಲಿ ಎಂಬುದು ಎಲ್ಲರ ಹಂಬಲವಲ್ಲವೇ?

ಆದರೆ ಗುರುಗಳೊಬ್ಬರು ಸಾಕಿದ ಆಂಥೋನಿ ಸಾರಾಯಿ ಅಂಗಡಿ ನಡೆಸುತ್ತಾನೆ, ಕುಡಿಯುತ್ತಾನೆ, ಹೊಡೆದಾಡುತ್ತಾನೆ, ನಾವು ನಗುತ್ತೇವೆ. ಕುಡುಕನಿರುವ ಮನೆಯಲ್ಲಿ ಯಾರೂ ನಗುವುದಿಲ್ಲ. ತೆರೆಯ ಮೇಲಿನ ಪೆಟ್ಟು ಮುಂದಿನ ದೃಶ್ಯಕ್ಕೆ ಮಾಯುತ್ತದೆ. ಮನೆಯೊಳಗೆ ಬಿದ್ದದ್ದು ವರ್ಷಗಟ್ಟಲೆ ಮಾಯದು.

ತಂದೆತಾಯಿಗಳೇ, ಚಿತ್ರ ಮುಗಿದ ಮೇಲೆ ಮಕ್ಕಳೊಂದಿಗೆ ಕುಳಿತು ಕೇಳಿ: ಆ ಕುಟುಂಬವನ್ನು ಒಂದುಗೂಡಿಸಿದ್ದು ಏನು? ಬೀಸಿದ ಮುಷ್ಟಿಯೇ, ರಕ್ತ ಕೊಡಲು ಚಾಚಿದ ಕೈಯೇ?