ಕಿಡಿಯ ಖರ್ಚು

ಹಳೇ ಬೈಕಿನ ಇಗ್ನಿಷನ್ ಸಾಮಾನು ದುಬಾರಿ ಎಂದು ಅನೇಕರು ಹೇಳುತ್ತಾರೆ. ನನಗೆ ಕಂಡ ಮಟ್ಟಿಗೆ ಒಂದೊಂದೇ ಸಾಮಾನು ಅಂಥ ದುಬಾರಿಯಲ್ಲ. ಪಾಯಿಂಟ್, ಕಂಡೆನ್ಸರ್, ಕಾಯಿಲ್, ಪ್ಲಗ್ ಈ ನಾಲ್ಕರಲ್ಲಿ ಕೆಟ್ಟಿದ್ದು ಯಾವುದು ಎಂದು ನೋಡದೆ ನಾಲ್ಕನ್ನೂ ತಂದಾಗಲೇ ಜೇಬು ಖಾಲಿಯಾಗುವುದು.

ನಮ್ಮ ಮನೆಯಲ್ಲಿರುವುದು ಅಪ್ಪ ಕೊಂಡ ಆರು ವೋಲ್ಟಿನ ಯೆಜ್ಡಿ. ಅದನ್ನು ತಯಾರಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಉತ್ಪಾದನೆ ಶುರುಮಾಡಿ 1996ರಲ್ಲಿ ಬಾಗಿಲು ಹಾಕಿತು. 2022ರಲ್ಲಿ ಅದೇ ಹೆಸರಿನ ಹೊಸ ಬೈಕುಗಳು ಬಂದವು, ನಿಜ. ಆದರೆ ಅವುಗಳ ಎಂಜಿನ್ನೇ ಬೇರೆ. ನಮ್ಮ ಟೂ ಸ್ಟ್ರೋಕ್ ಗಾಡಿಗೆ ಬೇಕಾದದ್ದನ್ನು ಮೈಸೂರಿನ ಹಳೇ ಅಂಗಡಿಗಳಲ್ಲಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಇಲ್ಲವೇ ಪರಿಚಯದ ಮೇಸ್ತ್ರಿಯ ಡಬ್ಬಿಯಲ್ಲಿ ಹುಡುಕಬೇಕು.

ಈಚೆಗೆ ಗಾಡಿಗೆ ಒಂದು ಕೆಟ್ಟ ಚಾಳಿ ಅಂಟಿಕೊಂಡಿತ್ತು. ಬೆಳಗ್ಗೆ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತಿತ್ತು. ಎಂಜಿನ್ ಕಾದ ಮೇಲೆ ಸಿಗ್ನಲ್ಲಿನಲ್ಲಿ ನಿಂತರೆ ಮತ್ತೆ ಏಳುತ್ತಿರಲಿಲ್ಲ. ನೆರಳಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗದ ಹಾಗೆ ಹೊರಡುತ್ತಿತ್ತು. ಒಂದು ಅಂಗಡಿಯಲ್ಲಿ ಗಾಡಿಯನ್ನು ನೋಡದೆಯೇ, "ಕಾಯಿಲ್ ಹೋಗಿದೆ ಸಾರ್, ಸೆಟ್ಟೇ ಬದಲಾಯಿಸ್ಬಿಡಿ" ಎಂದು ಎರಡೂವರೆ ಸಾವಿರ ಹೇಳಿದರು. ಕೊಳ್ಳದೆ ಹಿಂದಿರುಗಿ ನಮ್ಮ ಮೇಸ್ತ್ರಿಗೆ ಹೇಳಿದೆ. "ತಣ್ಣಗಿದ್ದಾಗ ಎಲ್ಲಾ ಕಾಯಿಲೂ ಒಳ್ಳೇದೇ ಸಾರ್. ಚೆನ್ನಾಗಿ ಓಡಿಸಿ ಬಿಸಿ ಮಾಡ್ಕೊಂಡು ಬನ್ನಿ, ನೋಡೋಣ" ಎಂದರು.

ಬಿಸಿ ಗಾಡಿಯ ಬಲಗಡೆಯ ಮುಚ್ಚಳ ಬಿಚ್ಚಿ, ಶೆಡ್ಡಿನ ಬಾಗಿಲು ಅರ್ಧ ಎಳೆದು, ಕಿಕ್ಕರನ್ನು ಕೈಯಲ್ಲೇ ಒತ್ತಿದರು. ಪಾಯಿಂಟ್ ಬಾಯಿ ಬಿಡುವಲ್ಲಿ ದಪ್ಪನೆಯ ನೀಲಿ ಕಿಡಿ ಹಾರಿತು. ಪ್ಲಗ್ಗಿನ ತುದಿಯಲ್ಲಿ ಮಾತ್ರ ಬಡಕಲು ಕೆಂಪು ಕಿಡಿ. ಪಾಯಿಂಟ್ ತೆರೆದ ಗಳಿಗೆಯಲ್ಲಿ ಅಲ್ಲಿ ಹಾರಲು ನೋಡುವ ವಿದ್ಯುತ್ತನ್ನು ಕಂಡೆನ್ಸರ್ ನುಂಗಿಕೊಳ್ಳಬೇಕು. ಆಗಲೇ ಕಾಯಿಲಿನ ಕಾಂತಕ್ಷೇತ್ರ ಥಟ್ಟನೆ ಕುಸಿದು ಪ್ಲಗ್ಗಿಗೆ ಸಾವಿರಾರು ವೋಲ್ಟ್ ಹೋಗುವುದು. ಕಂಡೆನ್ಸರ್ ಕೈಕೊಟ್ಟರೆ ಪಾಯಿಂಟ್ ಸುಡುತ್ತದೆ, ಪ್ಲಗ್ಗಿಗೆ ಬಲವಿರುವುದಿಲ್ಲ. ಮೇಸ್ತ್ರಿ ಬೇರೊಂದು ಕಂಡೆನ್ಸರನ್ನು ತಂತಿಯಲ್ಲಿ ಕಟ್ಟಿ ಕಿಕ್ ಹೊಡೆದರು, ಗಾಡಿ ಎದ್ದಿತು. ಕಾಯಿಲ್ ಇವತ್ತಿಗೂ ಹಳೆಯದೇ ಇದೆ. ನೋಡಿ ಹೇಳಿದ್ದಕ್ಕೆ ಅವರು ಕೇಳಿದ್ದು ಇನ್ನೂರು ರೂಪಾಯಿ. ಸಾಮಾನಿಗೆ ಸಾವಿರ ಎಣಿಸಿಕೊಡುವವರೂ ಈ ಇನ್ನೂರಕ್ಕೆ ಚೌಕಾಸಿ ಮಾಡುವುದನ್ನು ಕಂಡಿದ್ದೇನೆ, ನೋವಾಗುತ್ತದೆ. ಹಳೇ ಗಾಡಿಗೆ ನಾವು ಮಾಡುವ ಖರ್ಚಿನಲ್ಲಿ ಇದಕ್ಕಿಂತ ಲಾಭದ್ದು ಇನ್ನೊಂದಿಲ್ಲ.

ಇನ್ನು ಕೊಳ್ಳುವ ಮಾತು. ಈ ಮಾರುಕಟ್ಟೆಯಲ್ಲಿ "ಹಳೇ ಸ್ಟಾಕು, ಒರಿಜಿನಲ್" ಎಂದರೆ ಬೆಲೆ ಏರಿತು ಎಂದೇ ಲೆಕ್ಕ. ಪಾಯಿಂಟಿಗೆ ಆ ಬೆಲೆ ಕೊಡಬಹುದು. ತುಕ್ಕು ಹಿಡಿಯದೆ, ಎರಡೂ ಮುಖ ಸಮನಾಗಿ ಕೂಡುವಂತಿದ್ದರೆ ಎಷ್ಟು ವರ್ಷ ಡಬ್ಬಿಯಲ್ಲಿದ್ದರೂ ಅದು ಕೆಡುವುದಿಲ್ಲ. ಡೂಪ್ಲಿಕೇಟ್ ಪಾಯಿಂಟಿನಲ್ಲಿ ಕ್ಯಾಮಿಗೆ ಉಜ್ಜುವ ಫೈಬರ್ ತುಂಡು ಮೆತ್ತಗಿರುತ್ತದೆ. ಅದು ಬೇಗ ಸವೆದು, 0.4 ಮಿ.ಮೀ. ಇಟ್ಟ ಗ್ಯಾಪ್ ಮುಚ್ಚಿಕೊಂಡು, ಮತ್ತೆ ಮತ್ತೆ ಮೇಸ್ತ್ರಿಯ ಬಾಗಿಲಿಗೆ ಹೋಗುವಂತಾಗುತ್ತದೆ. ಕಂಡೆನ್ಸರಿನ ವಿಷಯ ತದ್ವಿರುದ್ಧ. ಅದರೊಳಗಿನ ಕಾಗದ, ಎಣ್ಣೆ, ಮೇಣ ಎಲ್ಲಕ್ಕೂ ವಯಸ್ಸಾಗುತ್ತದೆ, ಡಬ್ಬಿ ಒಡೆಯದಿದ್ದರೂ ಸರಿ. ಮೂವತ್ತು ವರ್ಷದ ಹಿಂದಿನ ಒರಿಜಿನಲ್ ಕಂಡೆನ್ಸರಿಗೆ ಹೆಚ್ಚು ದುಡ್ಡು ಕೊಡುವುದು ನನ್ನ ಮಟ್ಟಿಗೆ ವ್ಯರ್ಥ. ಜೆ.ಸಿ. ರಸ್ತೆಯಿಂದ ಹತ್ತಿರದಲ್ಲೇ ಇರುವ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಅದೇ ಕೆಲಸಕ್ಕೆ ಆಗುವ 0.22 ಮೈಕ್ರೊಫ್ಯಾರಡ್, 630 ವೋಲ್ಟಿನ ಫಿಲ್ಮ್ ಕೆಪಾಸಿಟರ್ ಚಿಲ್ಲರೆ ದುಡ್ಡಿಗೆ ಸಿಗುತ್ತದೆ. ಮೇಸ್ತ್ರಿ ಅದನ್ನೇ ಎಂಜಿನ್ ಕಾವು ತಟ್ಟದ ಹಾಗೆ ಟ್ಯಾಂಕಿನ ಕೆಳಗೆ, ಕಾಯಿಲ್ ಪಕ್ಕದಲ್ಲಿ ಕೂರಿಸಿಕೊಟ್ಟರು.

ಪ್ಲಗ್ಗಿನ ವಿಷಯದಲ್ಲೂ ಇಂಥದೇ ಮೋಹವಿದೆ. ಹಳೇ ಮೈಕೋ ಪ್ಲಗ್ಗೇ ಬೇಕೆಂದು ಹಟ ಹಿಡಿಯುವವರಿದ್ದಾರೆ. ಬೆಂಗಳೂರಿನ ಆ ಮೈಕೋ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಅಳತೆಯೂ ಹೀಟ್ ರೇಂಜೂ ಹೊಂದಿದರೆ ಹೊಸ ಪ್ಲಗ್ ಧಾರಾಳವಾಗಿ ಸಾಕು.

ಕಾಯಿಲ್ ನಿಜಕ್ಕೂ ಕೆಟ್ಟಿದ್ದರೆ ವೋಲ್ಟ್ ನೋಡಿಯೇ ತನ್ನಿ. ಆರು ವೋಲ್ಟಿನ ಗಾಡಿಗೆ ಹನ್ನೆರಡು ವೋಲ್ಟಿನ ಕಾಯಿಲ್ ಹಾಕಿದರೆ ಕಿಡಿ ಸೊರಗುತ್ತದೆ. ಅದಕ್ಕೂ ಮೊದಲು ಬ್ಯಾಟರಿ ಮತ್ತು ಕೀ ಸ್ವಿಚ್ಚನ್ನು ಮೀಟರಿನಲ್ಲಿ ಅಳೆಸಿ. ಇರುವುದೇ ಆರು ವೋಲ್ಟ್. ಸವೆದ ಸ್ವಿಚ್ಚಿನಲ್ಲಿ ಒಂದು ವೋಲ್ಟ್ ಸೋರಿದರೂ ಆರರಲ್ಲಿ ಒಂದು ಪಾಲು ಹೋಯಿತು. ಜಾವಾದ ತವರಾದ ಜೆಕ್ ದೇಶದಲ್ಲಿ ಹಳೇ ಜಾವಾಗಳ ಸಾಮಾನನ್ನು ಈಗಲೂ ಹೊಸದಾಗಿ ಮಾಡುತ್ತಾರೆ, ಆದರೆ ಸಾಗಣೆ ಮತ್ತು ಕಸ್ಟಮ್ಸ್ ಸುಂಕ ಸೇರಿದರೆ ಒಂದು ಪಾಯಿಂಟ್ ತರಿಸುವುದು ಕೈಗೆಟುಕದು. ನಾಲ್ಕೈದು ಜನ ಸೇರಿ ತರಿಸಿದರೆ ಲೆಕ್ಕ ಕೂಡುತ್ತದೆ. ಪಾಯಿಂಟನ್ನೇ ತೆಗೆದುಹಾಕುವ ಎಲೆಕ್ಟ್ರಾನಿಕ್ ಕಿಟ್ಟುಗಳೂ ಇವೆ. ದಿನಾ ಕಚೇರಿಗೆ ಯೆಜ್ಡಿಯಲ್ಲೇ ಹೋಗುವವರಿಗೆ ಅದು ಸರಿ. ಭಾನುವಾರಕ್ಕೊಮ್ಮೆ ತೆಗೆಯುವ ಗಾಡಿಗೆ ಅಷ್ಟು ದುಡ್ಡು ಸುರಿಯಲು ನನಗೆ ಮನಸ್ಸಿಲ್ಲ.

ಕೊನೆಗೆ, ಅವಸರದ ಖರ್ಚು. ಇಪ್ಪತ್ತು ವರ್ಷ ದಾಟಿದ ಬೈಕಿನ ನೋಂದಣಿ ನವೀಕರಣಕ್ಕೆ ಕೇಂದ್ರ ಸರ್ಕಾರ 2025ರಲ್ಲಿ ಶುಲ್ಕವನ್ನು ₹2,000ಕ್ಕೆ ಏರಿಸಿದೆ. ಹಸಿರು ತೆರಿಗೆ ಬೇರೆ. ಈ ನವೀಕರಣಕ್ಕೆಂದು ಆರ್‌ಟಿಒ ಮುಂದೆ ಗಾಡಿ ನಿಲ್ಲಿಸುವ ವಾರದಲ್ಲಿ ಪಾಯಿಂಟ್ ಹುಡುಕುತ್ತ ಹೊರಟರೆ ಅಂಗಡಿಯವರು ಹೇಳಿದ್ದೇ ಬೆಲೆ. ಅದಕ್ಕೇ ಒಂದು ಒಳ್ಳೆಯ ಪಾಯಿಂಟ್ ಸೆಟ್ಟನ್ನು ಈಗಲೇ ಕೊಂಡು, ತೆಳುವಾಗಿ ಎಣ್ಣೆ ಸವರಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದೇನೆ. ಎರಡನೆಯದನ್ನು ಕೊಳ್ಳುವ ಆಲೋಚನೆ ಇಲ್ಲ.